ಒಂದು ತಟ್ಟೆ ನೀರಿನಿಂದ ಸೂರ್ಯನ ಒಡಲಿನವರೆಗೆ: ಶಕ್ತಿಯ ಲೆಕ್ಕವನ್ನು ನೀವೇ ಮಾಡುವ ಬಗೆ

ಸೂರ್ಯನಲ್ಲಿ ಹೈಡ್ರೋಜನ್ ಹೀಲಿಯಂ ಆಗಿ ಮಾರ್ಪಡುವಾಗ ಶಕ್ತಿ ಬಿಡುಗಡೆಯಾಗುತ್ತದೆ ಎಂಬ ವಾಕ್ಯವನ್ನು ಹೈಸ್ಕೂಲು ಮೆಟ್ಟಿಲು ಹತ್ತಿದ ಪ್ರತಿಯೊಬ್ಬರೂ ಒಂದಲ್ಲ ಒಂದು ಪರೀಕ್ಷೆಯಲ್ಲಿ ಬರೆದಿರುತ್ತಾರೆ. ಆದರೆ ಹದಿನೈದು ಕೋಟಿ ಕಿಲೋಮೀಟರ್ ಆಚೆಗಿರುವ, ಯಾರೂ ಹತ್ತಿರ ಸುಳಿಯಲಾಗದ ಆ ಗೋಳದ ಒಡಲಿನಲ್ಲಿ ಏನು ನಡೆಯುತ್ತಿದೆ ಎಂಬುದು ಮನುಷ್ಯರಿಗೆ ಹೇಗೆ ತಿಳಿಯಿತು ಎಂದು ಕೇಳಿದರೆ, ಬಹಳ ಮಂದಿ ‘ಪುಸ್ತಕದಲ್ಲಿ ಹಾಗಿದೆ’ ಎಂಬಲ್ಲಿಗೆ ನಿಲ್ಲಿಸುತ್ತಾರೆ. ಅಲ್ಲಿಗೆ ನಿಲ್ಲಿಸಬೇಕಾದ ಅಗತ್ಯವಿಲ್ಲ. ಒಂದು ತಟ್ಟೆ ನೀರು, ಒಂದು ಥರ್ಮಾಮೀಟರ್, ಹತ್ತು ನಿಮಿಷದ ಬಿಸಿಲು ಮತ್ತು ಹತ್ತನೇ ತರಗತಿಯ ಗಣಿತ ಇದ್ದರೆ, ಸೂರ್ಯನ ಶಕ್ತಿಯ ಮೂಲ ಬೈಜಿಕ ಸಮ್ಮಿಲನವೇ (ಹಗುರವಾದ ಪರಮಾಣು ಬೀಜಗಳು ಕೂಡಿ ಭಾರವಾದ ಬೀಜವಾಗುವುದು) ಹೊರತು ಬೇರೇನೂ ಆಗಲಾರದು ಎಂಬ ನಿರ್ಣಯದ ಹತ್ತಿರಕ್ಕೆ ಯಾರು ಬೇಕಾದರೂ ತಾವೇ ನಡೆದು ಬರಬಹುದು. ಮಕ್ಕಳೊಂದಿಗೆ ಕುಳಿತು ಮಾಡಿದರೆ ಇನ್ನೂ ಒಳ್ಳೆಯದು. ಆ ದಾರಿಯನ್ನು ಕ್ರಮವಾಗಿ ಇಲ್ಲಿ ವಿವರಿಸಿದ್ದೇನೆ.

ಮೊದಲ ಕೆಲಸ: ಬಿಸಿಲನ್ನು ಅಳೆಯುವುದು

ಸೂರ್ಯನು ಎಷ್ಟು ಶಕ್ತಿಯನ್ನು ಹೊರಸೂಸುತ್ತಿದ್ದಾನೆ ಎಂಬುದು ಗೊತ್ತಾಗದೆ, ಅದು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಎತ್ತುವುದರಲ್ಲಿ ಅರ್ಥವಿಲ್ಲ. 1838ರಲ್ಲಿ ಫ್ರಾನ್ಸಿನ ಕ್ಲೋಡ್ ಪೂಯೆ ಎಂಬ ವಿಜ್ಞಾನಿಯು ನೀರು ತುಂಬಿದ, ಮುಖಕ್ಕೆ ಕಪ್ಪು ಬಳಿದ ಒಂದು ಚಪ್ಪಟೆ ಪಾತ್ರೆಯನ್ನು ಬಿಸಿಲಿಗೆ ಹಿಡಿದು ಈ ಅಳತೆಯನ್ನು ಮಾಡಿದನು. ನಾವು ಮಾಡುವುದೂ ಹೆಚ್ಚುಕಡಿಮೆ ಅದನ್ನೇ.

ಇಪ್ಪತ್ತು ಸೆಂಟಿಮೀಟರ್ ಉದ್ದ, ಇಪ್ಪತ್ತು ಸೆಂಟಿಮೀಟರ್ ಅಗಲದ, ನೇರ ಅಂಚಿನ ಒಂದು ಸ್ಟೀಲ್ ತಟ್ಟೆಯನ್ನು ತೆಗೆದುಕೊಂಡು ಅದರ ಒಳಭಾಗಕ್ಕೆ ಹೊಳಪಿಲ್ಲದ ಕಪ್ಪು ಬಣ್ಣವನ್ನು ಬಳಿಯಿರಿ. ತಟ್ಟೆಯನ್ನು ತೂಗಿ ಬರೆದಿಟ್ಟುಕೊಳ್ಳಿ. ನೆಲದ ಕಾವು ತಟ್ಟೆಗೆ ತಾಗದಂತೆ ಅಡಿಯಲ್ಲೂ ನಾಲ್ಕು ಬದಿಗಳಲ್ಲೂ ಥರ್ಮೋಕೋಲ್ ಇಡಿ. ಶಾಲೆಯ ಪ್ರಯೋಗಾಲಯದಲ್ಲಿ ಬಳಸುವ 0ರಿಂದ 100 ಡಿಗ್ರಿಯವರೆಗಿನ ಥರ್ಮಾಮೀಟರ್ ಬೇಕು. ಜ್ವರ ನೋಡುವ ಥರ್ಮಾಮೀಟರ್ ಈ ಕೆಲಸಕ್ಕೆ ಬಾರದು. ನೀರಿನ ಆವಿ ಹೊರಟುಹೋದರೆ ಅದರೊಂದಿಗೆ ಸಾಕಷ್ಟು ಶಾಖವೂ ಹೊರಟುಹೋಗುವುದರಿಂದ, ತಟ್ಟೆಯ ಮೇಲೆ ಮುಚ್ಚಲು ಒಂದು ತೆಳುವಾದ ಗಾಜಿನ ತುಂಡನ್ನು ಸಿದ್ಧವಾಗಿಟ್ಟುಕೊಳ್ಳಬೇಕು.

ನೀರಿನ ಆಯ್ಕೆಯಲ್ಲಿ ಒಂದು ಸೂಕ್ಷ್ಮವಿದೆ, ಪ್ರಯೋಗದ ಯಶಸ್ಸು ಬಹುಪಾಲು ಅದರ ಮೇಲೆಯೇ ನಿಂತಿದೆ. ಸುತ್ತಲಿನ ಗಾಳಿಗಿಂತ ಬಿಸಿಯಾದ ನೀರು ಶಾಖವನ್ನು ಕಳೆದುಕೊಳ್ಳುತ್ತದೆ, ತಣ್ಣಗಿರುವ ನೀರು ಗಾಳಿಯಿಂದ ಶಾಖವನ್ನು ಪಡೆಯುತ್ತದೆ. ಆದ್ದರಿಂದ ಗಾಳಿಯ ತಾಪಕ್ಕಿಂತ ಐದು ಡಿಗ್ರಿ ಕಡಿಮೆ ಇರುವ ನೀರಿನಿಂದ ಆರಂಭಿಸಿ, ಐದು ಡಿಗ್ರಿ ಹೆಚ್ಚಾದಾಗ ನಿಲ್ಲಿಸಿದರೆ, ಮೊದಲರ್ಧದಲ್ಲಿ ಗಾಳಿಯಿಂದ ಬಂದ ಶಾಖವೂ ಎರಡನೆಯ ಅರ್ಧದಲ್ಲಿ ಗಾಳಿಗೆ ಹೋದ ಶಾಖವೂ ಬಹುಮಟ್ಟಿಗೆ ಸರಿತೂಗುತ್ತವೆ. ಮಣ್ಣಿನ ಮಡಕೆಯಲ್ಲಿ ಇಟ್ಟ ನೀರು ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ, ಏಕೆಂದರೆ ಅದು ತಾನಾಗಿಯೇ ಗಾಳಿಗಿಂತ ಕೆಲವು ಡಿಗ್ರಿ ತಣ್ಣಗಿರುತ್ತದೆ.

ಮೋಡವಿಲ್ಲದ ದಿನ, ಸೂರ್ಯನು ಅತಿ ಎತ್ತರದಲ್ಲಿರುವ ಹೊತ್ತಿನಲ್ಲಿ ಪ್ರಯೋಗ ಮಾಡಿ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲಿ ಶೂನ್ಯ ನೆರಳಿನ ದಿನ ಬರುತ್ತದೆ. ಅಂದು ಮಧ್ಯಾಹ್ನ ಸುಮಾರು 12 ಗಂಟೆ 18 ನಿಮಿಷಕ್ಕೆ ಸೂರ್ಯನು ನೆತ್ತಿಯ ಮೇಲೆ ನೇರವಾಗಿ ಬರುವುದರಿಂದ ಓರೆಯ ಲೆಕ್ಕವೇ ಬೇಕಾಗುವುದಿಲ್ಲ. ಬೇರೆ ದಿನಗಳಲ್ಲಾದರೆ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನು ಅಳೆಯಿರಿ; ಕೋಲಿನ ತುದಿಯಿಂದ ನೆರಳಿನ ತುದಿಗೆ ಇರುವ ದೂರವನ್ನು ಕೋಲಿನ ಉದ್ದದಿಂದ ಭಾಗಿಸಿ, ಬಂದ ಸಂಖ್ಯೆಯಿಂದ ನಿಮ್ಮ ಉತ್ತರವನ್ನು ಗುಣಿಸಬೇಕು. ನೆರಳು ಅರ್ಧ ಮೀಟರ್ ಇದ್ದರೆ ಆ ಸಂಖ್ಯೆ 1.12 ಆಗುತ್ತದೆ. ಮಕ್ಕಳು ಜೊತೆಗಿದ್ದರೆ ಒಂದು ಮಾತನ್ನು ಮೊದಲೇ ಖಂಡಿತವಾಗಿ ಹೇಳಿಬಿಡಿ: ಬರಿಗಣ್ಣಿನಿಂದಾಗಲಿ, ಯಾವುದೇ ಮಸೂರದ ಮೂಲಕವಾಗಲಿ ಸೂರ್ಯನನ್ನು ನೇರವಾಗಿ ನೋಡಬಾರದು. ಈ ಪ್ರಯೋಗದಲ್ಲಿ ನಾವು ನೋಡಬೇಕಾದದ್ದು ತಟ್ಟೆಯನ್ನು ಮಾತ್ರ.

ಒಂದು ಮಾದರಿ ಲೆಕ್ಕವನ್ನು ನೋಡೋಣ. ತಟ್ಟೆಯಲ್ಲಿ 400 ಗ್ರಾಂ ನೀರಿದೆ, ತಟ್ಟೆಯ ತೂಕ 300 ಗ್ರಾಂ, ಗಾಳಿಯ ತಾಪ 29 ಡಿಗ್ರಿ ಎಂದುಕೊಳ್ಳಿ. ನೀರು 24ರಿಂದ 34 ಡಿಗ್ರಿಗೆ ಏರಲು ಹತ್ತು ನಿಮಿಷ ಹಿಡಿಯಿತು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು 4.19 ಜೂಲ್, ಒಂದು ಗ್ರಾಂ ಸ್ಟೀಲನ್ನು ಕಾಯಿಸಲು ಸುಮಾರು ಅರ್ಧ ಜೂಲ್ ಬೇಕು. ಹಾಗಾಗಿ ಹತ್ತು ಡಿಗ್ರಿಯ ಏರಿಕೆಗೆ ಒಟ್ಟು 18,000 ಜೂಲ್‌ಗಿಂತ ತುಸು ಹೆಚ್ಚು ಶಕ್ತಿ ಬಂದಿದೆ. ಇದನ್ನು 600 ಸೆಕೆಂಡುಗಳಿಂದ ಭಾಗಿಸಿದರೆ 30 ವ್ಯಾಟ್. ತಟ್ಟೆಯ ವಿಸ್ತೀರ್ಣವಾದ 0.04 ಚದರ ಮೀಟರಿನಿಂದ ಭಾಗಿಸಿದರೆ ಚದರ ಮೀಟರಿಗೆ ಸುಮಾರು 760 ವ್ಯಾಟ್. ಗಾಜು ಸುಮಾರು ಹತ್ತನೇ ಒಂದು ಪಾಲು ಬೆಳಕನ್ನು ತಡೆಯುತ್ತದೆ. ಶುಭ್ರವಾದ ಮಧ್ಯಾಹ್ನದಲ್ಲೂ ವಾತಾವರಣವು ಕಾಲು ಭಾಗಕ್ಕಿಂತ ತುಸು ಹೆಚ್ಚನ್ನು ಹೀರಿಕೊಳ್ಳುತ್ತದೆ ಇಲ್ಲವೇ ಚದುರಿಸಿಬಿಡುತ್ತದೆ. ಇವೆರಡನ್ನೂ ಸೇರಿಸಿ ಸರಿಪಡಿಸಿದರೆ 1150ರ ಆಸುಪಾಸಿನ ಉತ್ತರ ಬರುತ್ತದೆ. ಪೂಯೆಗೆ ಬಂದದ್ದು ಇಂದಿನ ಮಾನದಲ್ಲಿ 1228. ಉಪಗ್ರಹಗಳು ವಾತಾವರಣದ ಹೊರಗಿನಿಂದ ಅಳೆದಿರುವುದು 1361. ನಿಮ್ಮ ಉತ್ತರ ಇದಕ್ಕಿಂತ ಶೇ 15ರಿಂದ 20ರಷ್ಟು ಕಡಿಮೆಯಿದ್ದರೆ ಬೇಸರಪಡಬೇಕಿಲ್ಲ; ಅಡಿಗೆಮನೆಯ ತಟ್ಟೆಯೊಂದಕ್ಕೆ ಅದು ಬಹಳ ಒಳ್ಳೆಯ ಫಲಿತಾಂಶ. ಅರ್ಧಕ್ಕೂ ಕಡಿಮೆ ಬಂದರೆ ಮಾತ್ರ ಗಾಜಿನ ಒಳಬದಿಯಲ್ಲಿ ಆವಿ ಕಟ್ಟಿತ್ತೇ, ತಟ್ಟೆಯ ಅಂಚಿನ ನೆರಳು ನೀರಿನ ಮೇಲೆ ಬಿದ್ದಿತ್ತೇ, ನೀರನ್ನು ಆಗಾಗ ಕದಡದೆ ತಾಪವನ್ನು ಓದಿದಿರೇ ಎಂದು ಪರೀಕ್ಷಿಸಿ.

ತಟ್ಟೆಯಿಂದ ಸೂರ್ಯನಿಗೆ

ಸೂರ್ಯನು ಎಲ್ಲ ದಿಕ್ಕುಗಳಿಗೂ ಸಮನಾಗಿ ಬೆಳಕನ್ನು ಚೆಲ್ಲುತ್ತಾನೆ. ಆದ್ದರಿಂದ ಸೂರ್ಯನನ್ನು ನಡುವಿನಲ್ಲಿಟ್ಟು ಭೂಮಿಯನ್ನು ಮುಟ್ಟುವಂತೆ ಒಂದು ಬೃಹತ್ ಗೋಳವನ್ನು ಕಲ್ಪಿಸಿಕೊಂಡರೆ, ಆ ಗೋಳದ ಒಳಮೈಯ ಪ್ರತಿ ಚದರ ಮೀಟರಿಗೂ 1361 ವ್ಯಾಟ್ ಬೀಳಲೇಬೇಕು. ಗೋಳದ ತ್ರಿಜ್ಯ 14.96 ಕೋಟಿ ಕಿಲೋಮೀಟರ್. ಶಾಲೆಯಲ್ಲಿ ಕಲಿತ 4πr² ಸೂತ್ರದಿಂದ ವಿಸ್ತೀರ್ಣವನ್ನು ಕಂಡುಹಿಡಿದು ಗುಣಿಸಿದರೆ 3.83 × 10²⁶ ವ್ಯಾಟ್ ಬರುತ್ತದೆ, ಅಂದರೆ 383ರ ಮುಂದೆ 24 ಸೊನ್ನೆಗಳು. ಇದೇ ಸೂರ್ಯನ ಒಟ್ಟು ಸಾಮರ್ಥ್ಯ, ಅಂದರೆ ಅವನು ಪ್ರತಿ ಸೆಕೆಂಡಿಗೆ ಹೊರಸೂಸುವ ಶಕ್ತಿ.

ಇನ್ನೊಂದು ಸಂಖ್ಯೆ ಬೇಕು, ಅದು ಸೂರ್ಯನ ದ್ರವ್ಯರಾಶಿ. ಭೂಮಿಯು ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸೂರ್ಯನನ್ನು ಸುತ್ತುತ್ತಿದೆ. ಈ ವೇಗದ ವರ್ಗವನ್ನು ದೂರದಿಂದ ಗುಣಿಸಿ, ಗುರುತ್ವ ಸ್ಥಿರಾಂಕದಿಂದ ಭಾಗಿಸಿದರೆ 2 × 10³⁰ ಕೆ.ಜಿ. ಎಂಬ ಉತ್ತರ ಸಿಗುತ್ತದೆ. ಈ ಎರಡು ಸಂಖ್ಯೆಗಳನ್ನು ಒಂದು ಹಾಳೆಯ ತಲೆಯ ಮೇಲೆ ದೊಡ್ಡದಾಗಿ ಬರೆದಿಟ್ಟುಕೊಳ್ಳಿ.

ಎರಡು ತಪ್ಪು ಉತ್ತರಗಳನ್ನು ಮೊದಲು ಪರೀಕ್ಷಿಸುವುದು

ಸರಿಯಾದ ಉತ್ತರಕ್ಕೆ ನೇರವಾಗಿ ಹಾರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ತಪ್ಪು ಉತ್ತರಗಳು ಏಕೆ ತಪ್ಪು ಎಂದು ಲೆಕ್ಕ ಹಾಕಿದವರಿಗೆ ಮಾತ್ರ ಸರಿಯಾದ ಉತ್ತರದ ತೂಕ ತಿಳಿಯುತ್ತದೆ.

ಸೂರ್ಯನು ನಿಜವಾಗಿಯೇ ಉರಿಯುತ್ತಿದ್ದಾನೆ ಎಂದುಕೊಳ್ಳಿ. ಒಂದು ಕೆ.ಜಿ. ಒಳ್ಳೆಯ ಕಲ್ಲಿದ್ದಲು ಉರಿದರೆ ಸುಮಾರು 3 ಕೋಟಿ ಜೂಲ್ ಶಕ್ತಿ ಬರುತ್ತದೆ. ಇಡೀ ಸೂರ್ಯನು ಕಲ್ಲಿದ್ದಲೇ ಆಗಿದ್ದು, ಉರಿಯಲು ಬೇಕಾದ ಆಮ್ಲಜನಕವೂ ಎಲ್ಲಿಂದಲೋ ಒದಗಿತು ಎಂದು ಉದಾರವಾಗಿ ಒಪ್ಪಿಕೊಂಡರೂ, ಒಟ್ಟು ಶಕ್ತಿಯನ್ನು ಸೂರ್ಯನ ಸಾಮರ್ಥ್ಯದಿಂದ ಭಾಗಿಸಿದಾಗ ಸಿಗುವುದು ಸುಮಾರು ಐದು ಸಾವಿರ ವರ್ಷ ಮಾತ್ರ.

ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಜ್ ಮತ್ತು ಬ್ರಿಟನ್ನಿನ ಕೆಲ್ವಿನ್ ಇದಕ್ಕಿಂತ ಬಹಳ ಉತ್ತಮವಾದ ಉತ್ತರವನ್ನು ಮುಂದಿಟ್ಟರು. ಸೂರ್ಯನು ತನ್ನ ಭಾರಕ್ಕೆ ತಾನೇ ನಿಧಾನವಾಗಿ ಕುಗ್ಗುತ್ತಿದ್ದಾನೆ, ಆ ಕುಸಿತದ ಶಕ್ತಿಯೇ ಶಾಖವಾಗುತ್ತಿದೆ ಎಂಬುದು ಅವರ ವಾದ. ಲೆಕ್ಕ ಮಾಡಿ ನೋಡಿದರೆ ಹೀಗೆ ಸುಮಾರು 3 ಕೋಟಿ ವರ್ಷ ಬೆಳಗಬಹುದು. ಆ ಕಾಲಕ್ಕೆ ಅದು ದೊಡ್ಡ ಅವಧಿಯಾಗಿಯೇ ಕಂಡಿತು. ಆದರೆ ನಮ್ಮ ಕಾಲಡಿಯ ಬಂಡೆಗಳು ಇದನ್ನು ಒಪ್ಪುವುದಿಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ, ಕೆಂಪೇಗೌಡರ ಗೋಪುರವಿರುವ ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಪೇರಿಸಿಟ್ಟಂತೆ ಕಾಣುವ ಲಾವಾ ಶಿಲೆಗಳಿವೆ. ಲಾವಾರಸವು ನೀರಿನೊಳಗೆ ಹರಿದು ಥಟ್ಟನೆ ತಣಿದಾಗ ಮಾತ್ರ ಅಂಥ ಆಕಾರ ಮೂಡುತ್ತದೆ. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ ಎಂದ ಮೇಲೆ, ಅಂದು ಇಲ್ಲಿ ಹೆಪ್ಪುಗಟ್ಟದ ನೀರಿತ್ತು. ಅಂದರೆ ಸೂರ್ಯನು ಅಂದೂ ಬೆಳಗುತ್ತಿದ್ದನು. 3 ಕೋಟಿ ವರ್ಷದ ಇಂಧನದಿಂದ 250 ಕೋಟಿ ವರ್ಷದ ಬೆಳಕನ್ನು ಕೊಡಲಾಗದು. ಕರ್ನಾಟಕದ ಶಾಲೆಗಳಲ್ಲಿ ಸೂರ್ಯನ ಪಾಠ ಮಾಡುವಾಗ ಈ ಬಂಡೆಗಳನ್ನು ಸಾಕ್ಷಿಯಾಗಿ ಕರೆದರೆ ಪಾಠಕ್ಕೆ ಎಷ್ಟು ಬಲ ಬರುತ್ತದೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಹೀಲಿಯಂ ಎಲ್ಲಿ ತೂಕ ಕಳೆದುಕೊಂಡಿತು?

ಈಗ ಪರಮಾಣುಗಳ ತಕ್ಕಡಿಯನ್ನು ಹಿಡಿಯೋಣ. ಪರಮಾಣುಗಳನ್ನು ತೂಗಲು ಬಳಸುವ ಮಾನದಲ್ಲಿ ಹೈಡ್ರೋಜನ್ ಪರಮಾಣುವಿನ ದ್ರವ್ಯರಾಶಿ 1.00783, ನಾಲ್ಕು ಸೇರಿದರೆ 4.0313. ನಾಲ್ಕು ಹೈಡ್ರೋಜನ್‌ಗಳಿಂದ ಆಗುವ ಹೀಲಿಯಂನ ದ್ರವ್ಯರಾಶಿ 4.0026 ಮಾತ್ರ. ವ್ಯತ್ಯಾಸವು 0.0287, ಅಂದರೆ ಸಾವಿರಕ್ಕೆ ಏಳು ಪಾಲು. 1920ರಲ್ಲಿ ಇಂಗ್ಲೆಂಡಿನ ಆಸ್ಟನ್ ಈ ಕೊರತೆಯನ್ನು ಅಳೆದು ತೋರಿಸಿದನು. ಅದೇ ವರ್ಷ ಆರ್ಥರ್ ಎಡಿಂಗ್ಟನ್, 1905ರ ಐನ್‌ಸ್ಟೈನ್ ಸಮೀಕರಣವಾದ E = mc² ಎಂಬುದನ್ನು ಅದಕ್ಕೆ ಜೋಡಿಸಿ, ನಕ್ಷತ್ರಗಳ ಶಕ್ತಿಯ ಮೂಲ ಇದೇ ಇರಬೇಕೆಂದು ಸಾರಿದನು.

ಸಮೀಕರಣವನ್ನು ನೀವೇ ಬಳಸಿ. ಒಂದು ಕೆ.ಜಿ. ಹೈಡ್ರೋಜನ್ ಹೀಲಿಯಂ ಆದಾಗ 7 ಗ್ರಾಂ ಕಾಣೆಯಾಗುತ್ತದೆ. ಅದನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿದರೆ 6.3 × 10¹⁴ ಜೂಲ್ ಆಗುತ್ತದೆ. ಇದು ಸುಮಾರು 21 ಸಾವಿರ ಟನ್ ಕಲ್ಲಿದ್ದಲನ್ನು ಉರಿಸಿದ್ದಕ್ಕೆ ಸಮ. ಹಾಳೆಯ ತಲೆಯ ಮೇಲೆ ಬರೆದಿಟ್ಟ ಸೂರ್ಯನ ಸಾಮರ್ಥ್ಯವನ್ನು ಈ ಸಂಖ್ಯೆಯಿಂದ ಭಾಗಿಸಿದರೆ, ಸೂರ್ಯನಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಲಿಯಂ ಆಗಬೇಕೆಂದೂ, ಅದರಲ್ಲಿ ಸುಮಾರು 43 ಲಕ್ಷ ಟನ್ ದ್ರವ್ಯವು ಶಕ್ತಿಯಾಗಿ ಹೊರಡಬೇಕೆಂದೂ ತಿಳಿಯುತ್ತದೆ. ಇಷ್ಟು ಖರ್ಚಿನಲ್ಲಿ ಸೂರ್ಯನು ಎಷ್ಟು ಕಾಲ ಬಾಳುತ್ತಾನೆ? ನಡುವಿನ ಬಿಸಿಯಾದ ಭಾಗದಲ್ಲಿ ಮಾತ್ರ ಈ ಕ್ರಿಯೆ ನಡೆಯುವುದರಿಂದ, ಒಟ್ಟು ದ್ರವ್ಯರಾಶಿಯ ಹತ್ತನೇ ಒಂದು ಪಾಲನ್ನು ಮಾತ್ರ ಇಂಧನವೆಂದು ಹಿಡಿದರೂ ಸುಮಾರು 1000 ಕೋಟಿ ವರ್ಷ ಬರುತ್ತದೆ. ಸೌರಮಂಡಲದ ವಯಸ್ಸು ಸುಮಾರು 460 ಕೋಟಿ ವರ್ಷ. ಮರಡಿಹಳ್ಳಿಯ ಬಂಡೆಗಳಿಗೆ ಈ ಉತ್ತರದ ಮೇಲೆ ಆಕ್ಷೇಪವಿಲ್ಲ.

ಸೂರ್ಯನಲ್ಲಿ ಅಷ್ಟು ಹೈಡ್ರೋಜನ್ ಇದೆಯೇ ಎಂಬ ಸಂಶಯವೂ ಒಮ್ಮೆ ಇತ್ತು. ಸೂರ್ಯನು ಭೂಮಿಯಂತೆಯೇ ಕಬ್ಬಿಣ ಮುಂತಾದ ಧಾತುಗಳಿಂದ ಆಗಿದ್ದಾನೆಂದು ಆಗಿನ ವಿಜ್ಞಾನಿಗಳು ನಂಬಿದ್ದರು. ಬಿಸಿ ಅನಿಲದಲ್ಲಿ ಎಷ್ಟು ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡಿರುತ್ತವೆ ಎಂದು ತಿಳಿಸುವ, ಭಾರತದ ಮೇಘನಾದ ಸಹಾ 1920ರಲ್ಲಿ ರೂಪಿಸಿದ ಅಯಾನೀಕರಣ ಸಮೀಕರಣವನ್ನು ಬಳಸಿ, ಹಾರ್ವರ್ಡ್‌ನಲ್ಲಿದ್ದ ಸಿಸಿಲಿಯಾ ಪೇಯ್ನ್ ಎಂಬ ಯುವತಿ 1925ರಲ್ಲಿ ನಕ್ಷತ್ರಗಳ ಬಹುಪಾಲು ಹೈಡ್ರೋಜನ್ ಎಂದು ತೋರಿಸಿದಳು. ಹಿರಿಯರು ಒಪ್ಪದ ಕಾರಣ ತನ್ನ ಫಲಿತಾಂಶ ನಿಜವಿರಲಾರದು ಎಂದು ಅವಳೇ ಬರೆಯಬೇಕಾಯಿತು. ನಾಲ್ಕು ವರ್ಷಗಳ ನಂತರ ಅದೇ ಹಿರಿಯರು ಅವಳು ಸರಿಯೆಂದು ಒಪ್ಪಿದರು.

ನಾಲ್ಕು ಪ್ರೋಟಾನ್‌ಗಳು ಒಂದಾಗುವ ಬಗೆ

ನಾಲ್ಕು ಪ್ರೋಟಾನ್‌ಗಳು ಒಮ್ಮೆಲೇ ಬಂದು ಕೂಡುವುದಿಲ್ಲ. ಇದನ್ನು ಹಂತಹಂತವಾಗಿ ಅರ್ಥಮಾಡಿಕೊಳ್ಳಬೇಕು. ಒಂದು ಬಟ್ಟಲಲ್ಲಿ ಕಡಲೆಕಾಳುಗಳನ್ನೂ ಇನ್ನೊಂದರಲ್ಲಿ ಹೆಸರುಕಾಳುಗಳನ್ನೂ ಇಟ್ಟುಕೊಂಡು, ಕಡಲೆಯನ್ನು ಪ್ರೋಟಾನ್ ಎಂದೂ ಹೆಸರನ್ನು ನ್ಯೂಟ್ರಾನ್ ಎಂದೂ ಭಾವಿಸಿ ಮೇಜಿನ ಮೇಲೆ ಜೋಡಿಸುತ್ತ ಹೋದರೆ ಮಕ್ಕಳಿಗೆ ಬೇಗ ಮನವರಿಕೆಯಾಗುತ್ತದೆ.

ಮೊದಲು ಎರಡು ಕಡಲೆಗಳನ್ನು ಹತ್ತಿರ ತನ್ನಿ. ಎರಡೂ ಧನ ವಿದ್ಯುದಂಶ ಉಳ್ಳವಾದ್ದರಿಂದ ಒಂದನ್ನೊಂದು ತಳ್ಳುತ್ತವೆ. ಸೂರ್ಯನ ನಡುವಿನಲ್ಲಿ ತಾಪವು ಸುಮಾರು 1.57 ಕೋಟಿ ಡಿಗ್ರಿ ಇದ್ದು, ಒಂದು ಘನ ಸೆಂಟಿಮೀಟರ್ ದ್ರವ್ಯ 150 ಗ್ರಾಂ ತೂಗುತ್ತದೆ. ಅಂಥ ಕಡೆಯಲ್ಲೂ ಈ ತಳ್ಳಾಟವನ್ನು ಗೆಲ್ಲುವಷ್ಟು ವೇಗ ಪ್ರೋಟಾನ್‌ಗಳಿಗೆ ಇಲ್ಲ. ಹಳೆಯ ಭೌತವಿಜ್ಞಾನದ ಪ್ರಕಾರ ಅದಕ್ಕೆ ನೂರಾರು ಪಟ್ಟು ಹೆಚ್ಚಿನ ತಾಪ ಬೇಕು. 1928ರಲ್ಲಿ ಜಾರ್ಜ್ ಗ್ಯಾಮೋ ಮೊದಲಾದವರು ತೋರಿಸಿದಂತೆ, ಕ್ವಾಂಟಂ ನಿಯಮಗಳ ಪ್ರಕಾರ ಕಣವು ಗೋಡೆಯನ್ನು ಹತ್ತದೆಯೇ ಅಪರೂಪಕ್ಕೊಮ್ಮೆ ಅದರ ಆಚೆ ಕಾಣಿಸಿಕೊಳ್ಳಬಲ್ಲದು. ಹೀಗೆ ಒಳನುಸುಳಿದರೂ ಸಾಲದು. ಎರಡು ಪ್ರೋಟಾನ್‌ಗಳು ಅಂಟಿಕೊಂಡು ನಿಲ್ಲಲಾರವು. ಹತ್ತಿರ ಬಂದ ಆ ಕ್ಷಣದಲ್ಲಿಯೇ ಒಂದು ಪ್ರೋಟಾನ್ ನ್ಯೂಟ್ರಾನ್ ಆಗಿ ಮಾರ್ಪಡಬೇಕು. ಅಂದರೆ ಒಂದು ಕಡಲೆಯನ್ನು ತೆಗೆದು ಹೆಸರುಕಾಳನ್ನು ಇಡಬೇಕು. ಆಗ ಒಂದು ಪಾಸಿಟ್ರಾನ್ (ಧನ ವಿದ್ಯುದಂಶದ ಎಲೆಕ್ಟ್ರಾನ್) ಮತ್ತು ಒಂದು ನ್ಯೂಟ್ರಿನೊ (ವಿದ್ಯುದಂಶವಿಲ್ಲದ ಅತಿ ಹಗುರ ಕಣ) ಹೊರಬೀಳುತ್ತವೆ, ಉಳಿದದ್ದು ಒಂದು ಕಡಲೆ ಒಂದು ಹೆಸರಿನ ಡ್ಯೂಟೀರಿಯಂ. ಈ ಮಾರ್ಪಾಟು ಪರಮಾಣು ಬೀಜದ ಮಟ್ಟದಲ್ಲಿ ಕೆಲಸ ಮಾಡುವ ‘ದುರ್ಬಲ ಬಲ’ ಎಂಬುದರ ಕೆಲಸ. ಎಷ್ಟು ವಿರಳವೆಂದರೆ, ಸೂರ್ಯನ ನಡುವಿನ ಒಂದು ಪ್ರೋಟಾನ್ ಇದಕ್ಕಾಗಿ ಸರಾಸರಿ ಸುಮಾರು 900 ಕೋಟಿ ವರ್ಷ ಕಾಯಬೇಕು.

ಮುಂದಿನದು ಸಲೀಸು. ಡ್ಯೂಟೀರಿಯಂ ಕೆಲವೇ ಸೆಕೆಂಡುಗಳಲ್ಲಿ ಇನ್ನೊಂದು ಪ್ರೋಟಾನನ್ನು ಸೇರಿಸಿಕೊಂಡು ಹೀಲಿಯಂ-3 ಆಗುತ್ತದೆ, ಗಾಮಾ ಕಿರಣ ಹೊಮ್ಮುತ್ತದೆ. ಹೀಗೆ ಆದ ಎರಡು ಹೀಲಿಯಂ-3 ಬೀಜಗಳು ಡಿಕ್ಕಿಯಾದಾಗ, ಎರಡು ಕಡಲೆ ಎರಡು ಹೆಸರಿನ ಹೀಲಿಯಂ-4 ಉಳಿದು, ಎರಡು ಪ್ರೋಟಾನ್‌ಗಳು ಮತ್ತೆ ಬಿಡುಗಡೆಯಾಗುತ್ತವೆ. ಮೇಜಿನ ಮೇಲೆ ಎಣಿಸಿ ನೋಡಿ: ಆರು ಹಾಕಿದ್ದೀರಿ, ಎರಡು ಮರಳಿ ಬಂದಿವೆ, ಖರ್ಚಾದದ್ದು ನಾಲ್ಕು. ಇಂಗಾಲ, ಸಾರಜನಕ, ಆಮ್ಲಜನಕಗಳ ನೆರವಿನಿಂದ ನಡೆಯುವ ಇನ್ನೊಂದು ಚಕ್ರವೂ ಇದೆ. ಹಾನ್ಸ್ ಬೆಥೆ 1939ರಲ್ಲಿ ಅದನ್ನು ವಿವರಿಸಿದನು, ಆದರೆ ಸೂರ್ಯನಲ್ಲಿ ಅದರ ಪಾಲು ಶೇ 1ರ ಆಸುಪಾಸು ಮಾತ್ರ.

ಮೊದಲ ಹಂತದ ಆ ನಿಧಾನವೇ ಸೂರ್ಯನ ಗುಟ್ಟು. ಇದನ್ನು ಮನಗಾಣಲು ಒಂದು ಸಣ್ಣ ಲೆಕ್ಕ ಸಾಕು. ಸೂರ್ಯನ ಸಾಮರ್ಥ್ಯವನ್ನು ಅವನ ದ್ರವ್ಯರಾಶಿಯಿಂದ ಭಾಗಿಸಿದರೆ ಕೆ.ಜಿ.ಗೆ 0.0002 ವ್ಯಾಟ್‌ನಷ್ಟು ಬರುತ್ತದೆ. ದಿನಕ್ಕೆ 2000 ಕಿಲೋ ಕ್ಯಾಲೊರಿ ಆಹಾರ ತಿನ್ನುವ, 65 ಕೆ.ಜಿ. ತೂಗುವ ಮನುಷ್ಯನ ದೇಹ ಕೆ.ಜಿ.ಗೆ 1.5 ವ್ಯಾಟ್ ಶಾಖವನ್ನು ಹೊಮ್ಮಿಸುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಊಟ ಮಾಡಿ ಜಗಲಿಯಲ್ಲಿ ಕುಳಿತವರು ಸೂರ್ಯನಿಗಿಂತ ಏಳೆಂಟು ಸಾವಿರ ಪಟ್ಟು ಹೆಚ್ಚು ಶಾಖವನ್ನು ಕೊಡುತ್ತಿದ್ದಾರೆ. ಸೂರ್ಯನು ಪ್ರಖರನಾಗಿರುವುದು ಅಗಾಧ ಗಾತ್ರದಿಂದ. ಆದ್ದರಿಂದ ಅವನನ್ನು ಹೈಡ್ರೋಜನ್ ಬಾಂಬಿಗೆ ಹೋಲಿಸಿ ಪಾಠ ಹೇಳುವುದನ್ನು ದಯವಿಟ್ಟು ಬಿಡಬೇಕು. ಒಳಗಿನ ಕ್ರಿಯೆ ತುಸು ಹೆಚ್ಚಿದರೆ ನಡುಭಾಗ ಹಿಗ್ಗಿ ತಣಿಯುತ್ತದೆ, ಕ್ರಿಯೆ ತಗ್ಗುತ್ತದೆ. ತಗ್ಗಿದರೆ ಮೇಲಿನ ಭಾರ ಒತ್ತಿ ಬಿಸಿ ಮಾಡುತ್ತದೆ, ಕ್ರಿಯೆ ಮತ್ತೆ ಏರುತ್ತದೆ. ಬಾಂಬಿನಲ್ಲಿ ಹೀಗೆ ತಡೆದು ಹಿಡಿಯುವ ಏರ್ಪಾಡು ಇಲ್ಲ.

ನಡುವಿನಲ್ಲಿ ಹುಟ್ಟಿದ ಶಕ್ತಿಯು ಕಣದಿಂದ ಕಣಕ್ಕೆ ಬಡಿಯುತ್ತ, ದಿಕ್ಕು ತಪ್ಪುತ್ತ, ಹತ್ತಾರು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಒಳಗೇ ಅಲೆಯುತ್ತದೆ. ಹೊರಗಿನ ಶೇ 30ರಷ್ಟು ದಾರಿಯಲ್ಲಿ ಕುದಿಯುವ ನೀರಿನಂತೆ ಅನಿಲವೇ ಮೇಲೆದ್ದು ಅದನ್ನು ಹೊತ್ತು ತರುತ್ತದೆ. ಮೇಲ್ಮೈಯಿಂದ ನಿಮ್ಮ ತಟ್ಟೆಗೆ ಎಂಟು ನಿಮಿಷ ಇಪ್ಪತ್ತು ಸೆಕೆಂಡು.

ಕೊನೆಯ ತಾಳೆ: ನ್ಯೂಟ್ರಿನೊಗಳ ಎಣಿಕೆ

ಬೆಳಕು ಇಷ್ಟು ಹಳೆಯದಾದರೆ, ಸಮ್ಮಿಲನ ಈಗಲೂ ನಡೆಯುತ್ತಿದೆ ಎಂಬುದಕ್ಕೆ ಏನು ಆಧಾರ? ನ್ಯೂಟ್ರಿನೊಗಳು ಬಹುಮಟ್ಟಿಗೆ ಯಾವುದಕ್ಕೂ ಬಡಿಯದೆ ನೇರವಾಗಿ ಹೊರಬರುವುದರಿಂದ ಅವೇ ಆಧಾರ. ಇದರ ಎಣಿಕೆಯೂ ನಿಮ್ಮ ಕೈಯಲ್ಲಿದೆ. ಒಂದು ಹೀಲಿಯಂ ಆಗುವಾಗ 4.28 × 10⁻¹² ಜೂಲ್ ಶಕ್ತಿ ಮತ್ತು ಎರಡು ನ್ಯೂಟ್ರಿನೊಗಳು ಹೊರಡುತ್ತವೆ. ಸೂರ್ಯನ ಸಾಮರ್ಥ್ಯವನ್ನು ಈ ಶಕ್ತಿಯಿಂದ ಭಾಗಿಸಿ, ಎರಡರಿಂದ ಗುಣಿಸಿ, ಮೊದಲು ಕಲ್ಪಿಸಿದ ಅದೇ ಬೃಹತ್ ಗೋಳದ ಮೈಮೇಲೆ ಹರಡಿದರೆ, ಭೂಮಿಯ ಪ್ರತಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 6500 ಕೋಟಿ ನ್ಯೂಟ್ರಿನೊಗಳು ಬರಬೇಕು. ನಿಮ್ಮ ಹೆಬ್ಬೆರಳಿನ ಉಗುರು ಹೆಚ್ಚುಕಡಿಮೆ ಒಂದು ಚದರ ಸೆಂಟಿಮೀಟರಿನಷ್ಟೇ ದೊಡ್ಡದು.

ಇವನ್ನು ಹಿಡಿಯಲು ನೆಲದ ಆಳಕ್ಕೇ ಹೋಗಬೇಕು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಮೊದಲ ಬಾರಿಗೆ ಕಂಡ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು. ಅದು 1965ರ ಮಾತು. ಸೂರ್ಯನ ನ್ಯೂಟ್ರಿನೊಗಳನ್ನು ಹಿಡಿಯಲು ರೇಮಂಡ್ ಡೇವಿಸ್ ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ, ಬಟ್ಟೆಗಳ ಡ್ರೈ ಕ್ಲೀನಿಂಗ್‌ಗೆ ಬಳಸುವ ದ್ರವವನ್ನು ದೊಡ್ಡ ತೊಟ್ಟಿಯಲ್ಲಿ ತುಂಬಿಟ್ಟು ವರ್ಷಗಟ್ಟಲೆ ಕಾದನು. ಸಿಕ್ಕಿದ್ದು ನಿರೀಕ್ಷೆಯ ಮೂರನೇ ಒಂದು ಪಾಲು. ಮೂರು ದಶಕಗಳ ಕಾಲ ಸೂರ್ಯನ ಲೆಕ್ಕವೇ ತಪ್ಪೇ ಎಂಬ ಅನುಮಾನ ಕಾಡಿತು. ಕೆನಡಾದ ಸಡ್ಬರಿ ವೀಕ್ಷಣಾಲಯವು 2001 ಮತ್ತು 2002ರಲ್ಲಿ ಉತ್ತರವನ್ನು ಕೊಟ್ಟಿತು: ನ್ಯೂಟ್ರಿನೊಗಳಲ್ಲಿ ಮೂರು ಬಗೆಗಳಿದ್ದು, ಅವು ದಾರಿಯಲ್ಲಿ ತಮ್ಮ ಬಗೆಯನ್ನು ಬದಲಿಸಿಕೊಳ್ಳುತ್ತವೆ, ಡೇವಿಸ್‌ನ ತೊಟ್ಟಿಗೆ ಸಿಗುತ್ತಿದ್ದದ್ದು ಒಂದೇ ಬಗೆ, ಮೂರೂ ಬಗೆಗಳನ್ನು ಸೇರಿಸಿ ಎಣಿಸಿದರೆ ಸೂರ್ಯನ ಲೆಕ್ಕಕ್ಕೆ ಸರಿಹೊಂದುತ್ತವೆ. 2020ರಲ್ಲಿ ಇಟಲಿಯ ಬೊರೆಕ್ಸಿನೊ ತಂಡವು, ಇಂಗಾಲ ಚಕ್ರದಿಂದ ಬರುವ ಆ ಶೇ 1ರ ಪಾಲಿನ ನ್ಯೂಟ್ರಿನೊಗಳನ್ನೂ ಗುರುತಿಸಿತು.

ತಟ್ಟೆಯ ಪ್ರಯೋಗಕ್ಕೆ ಶುಭ್ರವಾದ ಮಧ್ಯಾಹ್ನ ಬೇಕು, ಈ ಎಣಿಕೆಗೆ ಅದೂ ಬೇಡ. ಜಪಾನಿನ ಸೂಪರ್ ಕಾಮಿಯೋಕಾಂಡೆ ಎಂಬ ನ್ಯೂಟ್ರಿನೊ ವೀಕ್ಷಣಾಲಯದಲ್ಲಿ ಬೆಟ್ಟದಡಿ ಇಟ್ಟಿರುವ 50 ಸಾವಿರ ಟನ್ ನೀರು ಸೂರ್ಯನ ನ್ಯೂಟ್ರಿನೊಗಳನ್ನು ರಾತ್ರಿಯ ಹೊತ್ತಿನಲ್ಲೂ ದಾಖಲಿಸುತ್ತದೆ, ಏಕೆಂದರೆ ಅವು ಇಡೀ ಭೂಮಿಯನ್ನು ಹಾದು ಕೆಳಗಿನಿಂದ ಬರುತ್ತವೆ. ಹಗಲು ಬಿಸಿಲಿನಲ್ಲಿದ್ದ ಅದೇ ಉಗುರಿನ ಮೂಲಕ, ನಡುರಾತ್ರಿಯಲ್ಲಿ ಹಾಸಿಗೆಯ ಅಡಿಯಿಂದ ಮೇಲಕ್ಕೆ, ಸೆಕೆಂಡಿಗೆ ಅದೇ 6500 ಕೋಟಿ ಹಾದುಹೋಗುತ್ತಿರುತ್ತವೆ.